ಜಯಸಿಂಹ ಯಾವ ಊರಿನವನು?

1977ರಲ್ಲಿ ಲಂಡನ್ನಿನ ಬ್ಯಾಟರ್ಸಿ ಆರ್ಟ್ಸ್ ಸೆಂಟರಿನಲ್ಲಿ ಏಷ್ಯಾ ಮೂಲದ ಕೆಲವು ಹುಡುಗರು ಸೇರಿ ನಾಟಕವೊಂದನ್ನು ಆಡಿದರು. ಅದು ರವೀಂದ್ರನಾಥ ಠಾಗೂರರು 1890ರಲ್ಲಿ ಬರೆದ ‘ವಿಸರ್ಜನ’. ತ್ರಿಪುರದ ರಾಜ ಗೋವಿಂದಮಾಣಿಕ್ಯ ಕಾಳಿಯ ಗುಡಿಯಲ್ಲಿ ಪ್ರಾಣಿಬಲಿ ನಿಲ್ಲಿಸುತ್ತಾನೆ. ಕೆರಳಿದ ಪೂಜಾರಿ ರಘುಪತಿ ದೇವಿಗೆ ರಾಜರಕ್ತವೇ ಬೇಕೆಂದು ಹಟ ಹಿಡಿಯುತ್ತಾನೆ. ಅವನು ಸಾಕಿ ಬೆಳೆಸಿದ ಜಯಸಿಂಹ ಕೊನೆಗೆ ತನ್ನ ರಕ್ತವನ್ನೇ ಒಪ್ಪಿಸಿ ಸಾಯುತ್ತಾನೆ.

ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದ ಹುಡುಗರು ಇಷ್ಟು ಹಿಂದಿನ ನಾಟಕಕ್ಕೆ ಕೈಹಾಕಿದ್ದಕ್ಕೆ ಕಾರಣ ಇತ್ತು. 1976ರ ಜೂನ್ 4ರಂದು ಲಂಡನ್ನಿನ ಸೌತಾಲಿನಲ್ಲಿ, ಡೊಮಿನಿಯನ್ ಚಿತ್ರಮಂದಿರದ ಹತ್ತಿರ, ಬಿಳಿಯ ಯುವಕರ ಗುಂಪೊಂದು ಗುರ್‌ದೀಪ್ ಸಿಂಗ್ ಚಗ್ಗರ್ ಎಂಬ ಹುಡುಗನನ್ನು ಇರಿದು ಕೊಂದಿತು. ಅವನಿಗಿನ್ನೂ ಹದಿನೆಂಟು. ಡೊಮಿನಿಯನ್ ಎಂದರೆ ಅಲ್ಲಿನ ಭಾರತೀಯ ಕಾರ್ಮಿಕರ ಸಂಘ ನಡೆಸುತ್ತಿದ್ದ, ಹಿಂದಿ ಸಿನಿಮಾ ತೋರಿಸುತ್ತಿದ್ದ ಜಾಗ. ಊರು ಬಿಟ್ಟು ಬಂದವರು ಊರನ್ನು ನೆನೆಯಲು ಹೋಗುತ್ತಿದ್ದ ಜಾಗ. ಅದರ ಹತ್ತಿರವೇ ಈ ರಕ್ತ ಬಿತ್ತು. ತಗ್ಗಿ ಬಗ್ಗಿ ನಡೆದರೆ ಬದುಕಬಹುದು ಎಂಬ ಹಿರಿಯರ ನಂಬಿಕೆ ಮಕ್ಕಳಿಗೆ ಅಂದಿಗೆ ಮುಗಿಯಿತು. ಕೆಲವರು ಬೀದಿಗಿಳಿದರು. ಜತೀಂದರ್ ವರ್ಮಾ ಮತ್ತು ಗೆಳೆಯರು ‘ತಾರಾ ಆರ್ಟ್ಸ್’ ಎಂಬ ನಾಟಕ ತಂಡ ಕಟ್ಟಿದರು. ಬ್ಯಾಟರ್ಸಿಯಲ್ಲಿ ‘ವಿಸರ್ಜನ’ ಆಡಿದ್ದು ಈ ತಂಡವೇ.

ವರ್ಮಾ ಹುಟ್ಟಿದ್ದು ದಾರ್-ಎಸ್-ಸಲಾಮ್, ಬೆಳೆದದ್ದು ನೈರೋಬಿ. 1968ರಲ್ಲಿ, ಕೀನ್ಯಾದ ಏಷ್ಯನ್ನರಿಗೆ ಬ್ರಿಟನ್ ಬಾಗಿಲು ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಹದಿಹರೆಯದಲ್ಲೇ ಲಂಡನ್ನಿಗೆ ಬಂದರು. ಭಾರತದಿಂದ ಆಫ್ರಿಕಾಕ್ಕೆ ವಲಸೆ ಹೋದವರ ಮಗ ಮತ್ತೊಮ್ಮೆ ವಲಸೆ ಬಂದದ್ದು. ಇಂಥವರನ್ನು ನಿಮ್ಮ ಊರು ಯಾವುದು ಎಂದು ಕೇಳಿದರೆ ಯಾವ ಊರಿನ ಹೆಸರು ಹೇಳಬೇಕು?

‘ವಿಸರ್ಜನ’ಕ್ಕೆ ಮೂಲವಾದ ‘ರಾಜರ್ಷಿ’ ಕಾದಂಬರಿಯಲ್ಲಿ ಠಾಗೂರರು ಜಯಸಿಂಹನ ಹಿನ್ನೆಲೆ ಹೇಳುತ್ತಾರೆ. ಅವನು ರಜಪೂತ; ಅಪ್ಪ ತ್ರಿಪುರದ ಅರಮನೆಯಲ್ಲಿ ಆಳಾಗಿದ್ದವನು. ಅಂದರೆ ಹೊರಗಿನಿಂದ ಬಂದವನ ಮಗ, ಆ ಗುಡಿಯ ಅಂಗಳವೊಂದನ್ನೇ ಮನೆ ಎಂದುಕೊಂಡವನು. ಆ ಮನೆ ಅವನಿಂದ ರಕ್ತ ಕೇಳಿತು. ಬ್ಯಾಟರ್ಸಿಯ ಹುಡುಗರು ಕಾದಂಬರಿ ಓದಿರಲಿ ಬಿಡಲಿ, ಅವರ ಕೈಗೆ ಸಿಕ್ಕಿದ್ದು ಅವರದೇ ಕಥೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆಮೇಲಿನದು ಹೆಚ್ಚು ಜನಕ್ಕೆ ಗೊತ್ತಿರುವ ಭಾಗ. 1990ರಲ್ಲಿ ವರ್ಮಾ ಮೊಲಿಯೇರನ ‘ತಾರ್ತೂಫ್’ ನಾಟಕವನ್ನು ಮೊಗಲರ ಕಾಲಕ್ಕೆ ತಂದು, ಏಷ್ಯನ್ ನಟರನ್ನೇ ಕಟ್ಟಿಕೊಂಡು, ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಆಡಿಸಿದರು. ತಮ್ಮ ರಂಗಭಾಷೆಗೆ ‘ಬಿಂಗ್ಲಿಷ್’ ಎಂದು ಹೆಸರಿಟ್ಟರು. ಮನೆಯೊಳಗೊಂದು, ಶಾಲೆಯಲ್ಲೊಂದು ನುಡಿ ಕಲಿತವರ ಬಾಯಲ್ಲಿ ಇಂಗ್ಲಿಷಿನ ಲಯವೇ ಬೇರೆಯಾಗುತ್ತದಲ್ಲ, ಅದನ್ನು ತಿದ್ದದೆ ರಂಗದ ಮೇಲೆ ತಂದರು. 2002ರ ‘ಜರ್ನಿ ಟು ದ ವೆಸ್ಟ್’ ಭಾರತದಿಂದ ಆಫ್ರಿಕಾಕ್ಕೆ, ಅಲ್ಲಿಂದ ಬ್ರಿಟನ್ನಿಗೆ ಹೋದವರ ಕಥೆಯನ್ನು ಮೂರು ನಾಟಕಗಳಲ್ಲಿ ಹೇಳಿತು.

ತಾರಾ ಬಗ್ಗೆ ಮಾತು ಬಂದಾಗ ನ್ಯಾಷನಲ್ ಥಿಯೇಟರಿನಿಂದ ಶುರುಮಾಡಿ ಚಗ್ಗರ್‌ನ ಹೆಸರು ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಡೊಮಿನಿಯನ್ ಚಿತ್ರಮಂದಿರವೂ ಈಗಿಲ್ಲ, ಎಂದೋ ಕೆಡವಿದರು. ಲಂಡನ್ನಿನ ಅರ್ಲ್ಸ್‌ಫೀಲ್ಡಿನಲ್ಲಿ 2016ರಲ್ಲಿ ಹೊಸದಾಗಿ ಬಾಗಿಲು ತೆರೆದ ತಾರಾ ರಂಗಮಂದಿರದಲ್ಲಿ ನಟರ ಕಾಲಡಿಗೆ ಹಲಗೆಯ ಬದಲು ಮಣ್ಣಿನ ನೆಲ ಹಾಸಿದರು.