ಜಾತ್ರೆ ಮತ್ತು ಪ್ರವಾಸಗಳಲ್ಲಿ ಬಯಲು ಬಿಡಾರ: ಕಡಿಮೆ ವೆಚ್ಚದಲ್ಲಿ ಅನುಸರಿಸಬಹುದಾದ ಸುಲಭ ಕ್ರಮಗಳು

ಪೀಠಿಕೆ:

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯು ಸಂತಕವಿ ಕನಕದಾಸರ ಕರ್ಮಭೂಮಿಯಾಗಿದ್ದು, ಆದಿಕೇಶವನ ದರ್ಶನಕ್ಕಾಗಿಯೂ ಕನಕದಾಸರ ಗದ್ದುಗೆಯ ದರ್ಶನಕ್ಕಾಗಿಯೂ ಯಾತ್ರಿಕರು ಇಲ್ಲಿಗೆ ಆಗಮಿಸುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ, ತುಂಗಭದ್ರೆಯ ಆಚೆ ದಡದಲ್ಲಿರುವ ವಿಜಯನಗರ ಜಿಲ್ಲೆಯ ಮೈಲಾರ ಹಾಗೂ ಉತ್ತರ ಕನ್ನಡ ಜಿಲ್ಲೆಯ ಉಳವಿ ಕ್ಷೇತ್ರಗಳ ಜಾತ್ರೆಗಳಿಗೆ ಈ ಭಾಗದ ರೈತ ಕುಟುಂಬಗಳು ಚಕ್ಕಡಿಗಳಲ್ಲಿಯೂ ಟ್ರ್ಯಾಕ್ಟರ್‌ಗಳಲ್ಲಿಯೂ ತೆರಳಿ, ದಾರಿಯಲ್ಲಿ ಹಾಗೂ ಕ್ಷೇತ್ರದಲ್ಲಿ ಬಿಡಾರ ಹೂಡುವುದು ರೂಢಿಯಲ್ಲಿದೆ. ನಗರಗಳಲ್ಲಿ ಈಗ ‘ಕ್ಯಾಂಪಿಂಗ್’ ಎಂದು ಕರೆಯಲಾಗುವ ಹವ್ಯಾಸಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಖರ್ಚಿನಲ್ಲಿ ಮಾತ್ರ.

ಸಿದ್ಧ ಗುಡಾರ, ಮಲಗುವ ಚೀಲ, ಮಡಿಸುವ ಒಲೆ ಮುಂತಾದವುಗಳನ್ನು ಖರೀದಿಸಿ ವರ್ಷಕ್ಕೆ ಎರಡು ರಾತ್ರಿ ಮಾತ್ರ ಬಳಸಿದಲ್ಲಿ, ಪ್ರತಿ ರಾತ್ರಿಗೆ ಬೀಳುವ ವೆಚ್ಚವು ವಸತಿಗೃಹದ ಬಾಡಿಗೆಯನ್ನು ಮೀರುವ ಸಂಭವವಿರುತ್ತದೆ. ಆದರೆ ಒಕ್ಕಲುತನದ ಮನೆಯಲ್ಲಿ ಬಿಡಾರಕ್ಕೆ ಬೇಕಾದ ಬಹುತೇಕ ವಸ್ತುಗಳು ಈಗಾಗಲೇ ಇರುತ್ತವೆ. ಅವುಗಳ ಸರಿಯಾದ ಬಳಕೆಯ ಬಗ್ಗೆಯೂ, ಉಳಿತಾಯ ಮಾಡಬಾರದ ಕೆಲವು ಸಂಗತಿಗಳ ಬಗ್ಗೆಯೂ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ತಾಡಪತ್ರಿಯ ಗುಡಾರ:

ರಾಶಿಯ ಕಾಲದಲ್ಲಿ ಕಾಳು ಮುಚ್ಚಲು ಬಳಸುವ ತಾಡಪತ್ರಿಯೇ ಉತ್ತಮ ಗುಡಾರವಾಗುತ್ತದೆ. ಎರಡು ಮರಗಳ ನಡುವೆ ಅಥವಾ ಒಂದು ಮರ ಹಾಗೂ ನಿಲ್ಲಿಸಿದ ಚಕ್ಕಡಿಯ ನಡುವೆ ಎದೆಯೆತ್ತರಕ್ಕೆ ಹಗ್ಗ ಬಿಗಿದು, ತಾಡಪತ್ರಿಯನ್ನು ಅದರ ಮೇಲೆ ಸಮನಾಗಿ ಹೊದಿಸಿ, ಎರಡೂ ಬದಿಗಳನ್ನು ಇಳಿಜಾರಾಗಿ ನೆಲಕ್ಕೆ ಎಳೆದು ಗೂಟಗಳಿಗೆ ಕಟ್ಟುವುದು. ಹಳೆಯ ತಾಡಪತ್ರಿಯ ಅಂಚಿನ ಉಂಗುರಗಳು ಕಿತ್ತುಹೋಗಿದ್ದಲ್ಲಿ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಲಿಂಬೆಹಣ್ಣಿನ ಗಾತ್ರದ ಒಂದು ನುಣುಪಾದ ಕಲ್ಲನ್ನು ಅಂಚಿನ ಒಳಬದಿಯಲ್ಲಿಟ್ಟು, ಹೊರಗಿನಿಂದ ಅದರ ಬುಡಕ್ಕೆ ಹಗ್ಗ ಸುತ್ತಿ ಬಿಗಿದರೆ ಗಾಳಿಗೆ ಜಾರದ ಗಂಟು ದೊರೆಯುತ್ತದೆ. ರಂಧ್ರ ಮಾಡಿ ಹಗ್ಗ ಪೋಣಿಸಿದರೆ ಗಾಳಿಯ ಎಳೆತಕ್ಕೆ ತಾಡಪತ್ರಿ ಅಲ್ಲಿಂದಲೇ ಹರಿಯುತ್ತದೆ.

ನೆಲಕ್ಕೆ ಹಾಸುವ ಹಾಸು ಮೇಲಿನ ಹೊದಿಕೆಯ ಅಂಚಿನಿಂದ ಹೊರಗೆ ಚಾಚಿರಬಾರದು. ಚಾಚಿದ್ದಲ್ಲಿ ಮಳೆನೀರು ಅದರ ಮೇಲೆ ಬಿದ್ದು ನೇರವಾಗಿ ಹಾಸಿಗೆಯ ಅಡಿಗೆ ಹರಿಯುತ್ತದೆ. ಗುಡಾರದ ಸುತ್ತ ಕಾಲುವೆ ತೋಡುವುದಕ್ಕಿಂತ ಸ್ವಲ್ಪ ಎತ್ತರದ ಜಾಗವನ್ನು ಆರಿಸಿಕೊಳ್ಳುವುದು ಸುಲಭ. ಕೆರೆಯಂಗಳ, ಹಳ್ಳದ ಪಾತ್ರ ಹಾಗೂ ನದಿಯ ಮರಳದಿಬ್ಬಗಳ ಮೇಲೆ ಬಿಡಾರ ಹೂಡಬಾರದು. ಮೈಲಾರ ಜಾತ್ರೆಯ ಸಂದರ್ಭದಲ್ಲಿ ಭಕ್ತರ ಸ್ನಾನಕ್ಕೆಂದು ಭದ್ರಾ ಜಲಾಶಯದಿಂದ ನದಿಗೆ ನೀರು ಹರಿಸುವ ಪದ್ಧತಿಯಿದ್ದು, ಸಂಜೆ ಒಣಗಿದ್ದ ಮರಳಿನ ಮೇಲೆ ಬೆಳಗಾಗುವುದರೊಳಗೆ ನೀರು ಬರುವ ಸಾಧ್ಯತೆಯನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

ಹಾಸಿಗೆ ಮತ್ತು ಬೆಳಕು:

ಭಾರತ ಹುಣ್ಣಿಮೆಯ ಸುಮಾರಿನಲ್ಲಿ ಬಯಲಿನ ರಾತ್ರಿಗಳು ಸಾಕಷ್ಟು ತಂಪಾಗಿರುತ್ತವೆ. ಮಲಗಿದವರಿಗೆ ಚಳಿಯು ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲದಿಂದ ಏರುತ್ತದೆ. ಆದುದರಿಂದ ಎರಡು ಕೌದಿಗಳಿದ್ದಲ್ಲಿ ಎರಡನ್ನೂ ಹೊದ್ದುಕೊಳ್ಳುವ ಬದಲು ಒಂದನ್ನು ಕೆಳಗೆ ಹಾಸಿಕೊಳ್ಳುವುದು ಮೇಲು. ಖಾಲಿ ಗೊಬ್ಬರದ ಚೀಲಗಳನ್ನು ತೊಳೆದು, ಬಿಚ್ಚಿ, ಜೋಡಿಸಿ ಹೊಲಿದರೆ ತೇವ ತಡೆಯುವ ಹಾಸು ಸಿದ್ಧವಾಗುತ್ತದೆ. ಎತ್ತುಗಳಿಗೆಂದು ತಂದ ಒಣ ಮೇವನ್ನು ರಾತ್ರಿ ಈ ಹಾಸಿನ ಅಡಿಯಲ್ಲಿ ಹರಡಿ, ಬೆಳಿಗ್ಗೆ ಕೊಡವಿ ಎತ್ತುಗಳಿಗೆ ಹಾಕಬಹುದು. ಈ ಉಪಾಯವನ್ನು ಜಾತ್ರೆಯ ಹಿರಿಯರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ನೀರು ತುಂಬಿದ ಬಿಳಿ ಕ್ಯಾನಿಗೆ ಟಾರ್ಚನ್ನು ಒಳಮುಖವಾಗಿ ಕಟ್ಟಿದಲ್ಲಿ ಬೆಳಕು ಚದುರಿ ಗುಡಾರದ ತುಂಬ ಹರಡುತ್ತದೆ. ಪ್ರತ್ಯೇಕ ಲಾಟೀನಿನ ಅವಶ್ಯಕತೆ ಇರುವುದಿಲ್ಲ.

ಊಟೋಪಚಾರ ಮತ್ತು ಇಂಧನ:

ಕಟಕ ರೊಟ್ಟಿ, ಶೇಂಗಾ ಮತ್ತು ಗುರೆಳ್ಳಿನ ಚಟ್ನಿಪುಡಿ, ಮಾದಲಿ ಇವುಗಳಿಗೆ ಒಲೆಯೂ ಬೇಡ, ಶೀತಕ ಪೆಟ್ಟಿಗೆಯೂ ಬೇಡ. ತೇವಾಂಶ ಪೂರ್ತಿ ಹೋಗುವವರೆಗೆ ಒಣಗಿಸಿದ ಜೋಳದ ರೊಟ್ಟಿಯು ವಾರಗಟ್ಟಲೆ ಕೆಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಬೇಕೇ ಹೊರತು, ಬಿಸಿಯಿರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಬೂಸಲು ಹಿಡಿಯುತ್ತದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದೊಡನೆ ವಾದಕ್ಕಿಳಿದ ರಾಗಿಯು ಗೆದ್ದದ್ದು ಬಹುಕಾಲ ಕೆಡದೆ ಉಳಿಯುವ ತನ್ನ ಗುಣದಿಂದಲೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಅನ್ನ ಮಾಡುವವರು ಸೌದೆಯನ್ನು ಉಳಿಸಲು ಒಂದು ಕ್ರಮವನ್ನು ಅನುಸರಿಸಬಹುದು. ಅಳತೆಯ ನೀರಿನಲ್ಲಿ ಅಕ್ಕಿಯನ್ನು ಐದಾರು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳವನ್ನು ಬಿಗಿಯಾಗಿ ಹಾಕಿ, ಪಾತ್ರೆಯನ್ನು ಒಲೆಯಿಂದ ಇಳಿಸಿ, ಒಣಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟು ಕೌದಿಯಿಂದ ಸುತ್ತಲೂ ಮುಚ್ಚುವುದು. ಸುಮಾರು ಒಂದು ಗಂಟೆಯ ನಂತರ ತೆಗೆದಾಗ ಒಳಗಿನ ಶಾಖದಿಂದಲೇ ಅನ್ನ ಬೆಂದಿರುತ್ತದೆ. ಪಾತ್ರೆಯ ಹೊರಮೈಗೆ ಮೊದಲೇ ಮಣ್ಣು ಅಥವಾ ಬೂದಿಯನ್ನು ಕಲಸಿ ಬಳಿದಿದ್ದರೆ ಮಸಿಯನ್ನು ಉಜ್ಜಿ ತೆಗೆಯುವ ಶ್ರಮ ತಪ್ಪುತ್ತದೆ.

ಊಟದ ತಟ್ಟೆ, ಲೋಟಗಳನ್ನು ಮನೆಯಿಂದಲೇ ಒಯ್ಯುವುದು. ರಾಜ್ಯದಲ್ಲಿ 2016 ರಿಂದ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಬಳಕೆಯನ್ನು ನಿಷೇಧಿಸಲಾಗಿದೆ.

ಕುಡಿಯುವ ನೀರು:

ಮೂಲದ ಬಗ್ಗೆ ಖಾತರಿಯಿಲ್ಲದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಾಲದು. ಸೋಸಿದ ನಂತರ ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಸತಕ್ಕದ್ದು. ಸೌದೆಯ ಕೊರತೆಯಿದ್ದಲ್ಲಿ, ತಿಳಿಯಾದ ನೀರನ್ನು ಎರಡು ಲೀಟರಿಗೆ ಮೀರದ ಪಾರದರ್ಶಕ ಬಾಟಲಿಗಳಲ್ಲಿ ತುಂಬಿ, ಅಡ್ಡಲಾಗಿ ಮಲಗಿಸಿ, ಪೂರ್ಣ ಬಿಸಿಲಿನಲ್ಲಿ ಆರು ಗಂಟೆಗಳ ಕಾಲ ಇಟ್ಟರೆ ಸೂರ್ಯಕಿರಣಗಳಿಂದ ರೋಗಾಣುಗಳು ನಾಶವಾಗುತ್ತವೆ. ಮೋಡವಿದ್ದಲ್ಲಿ ಎರಡು ದಿನಗಳು ಬೇಕು. ಕದಡಿದ ನೀರಿಗೆ ಈ ವಿಧಾನವು ಉಪಯುಕ್ತವಲ್ಲ. ಕುಡಿಯುವ ನೀರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗುಹಾಕಿದರೆ ನೀರು ತಂಪಾಗುತ್ತದೆ.

ಸೊಳ್ಳೆ ಪರದೆ ಮತ್ತು ಹಾವಿನ ಕಡಿತ:

ಬಿಡಾರಕ್ಕೆ ಒಂದೇ ಒಂದು ವಸ್ತುವನ್ನು ಹಣ ಕೊಟ್ಟು ಕೊಳ್ಳಬೇಕೆಂದಾದಲ್ಲಿ ಅದು ಸೊಳ್ಳೆ ಪರದೆಯಾಗಿರಲಿ. ಇದು ಸೊಳ್ಳೆಗಾಗಿ ಮಾತ್ರವಲ್ಲ. ನಾಗರಹಾವು, ಕೊಳಕುಮಂಡಲಗಳು ಕಚ್ಚಿದಾಗ ನೋವು ಹಾಗೂ ಬಾವು ಕಾಣಿಸಿಕೊಳ್ಳುವುದರಿಂದ ವಿಷಯ ಕೂಡಲೇ ತಿಳಿಯುತ್ತದೆ. ಕಟ್ಟುಹಾವು ಹಾಗಲ್ಲ. ಅದು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರ ಹಾಸಿಗೆಯೊಳಗೆ ಬರುತ್ತದೆ, ಕಚ್ಚಿದ್ದು ಹಲವು ವೇಳೆ ಎಚ್ಚರವಾಗುವಷ್ಟೂ ನೋಯುವುದಿಲ್ಲ, ಗುರುತೂ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ಗಂಟಲು ಕಟ್ಟುವಿಕೆ, ರೆಪ್ಪೆಗಳು ತಾವಾಗಿ ಇಳಿಬೀಳುವುದು ಕಂಡುಬಂದಾಗ ಜಾತ್ರೆಯ ಊಟ ಒಗ್ಗಲಿಲ್ಲವೆಂದು ತಿಳಿದು ಓಮಿನ ಕಾಳು ಕೊಟ್ಟು ಮಲಗಿಸಿದಲ್ಲಿ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ನೆಲದಲ್ಲಿ ಮಲಗಿದವರಲ್ಲಿ ಈ ಲಕ್ಷಣಗಳು ಕಂಡುಬಂದರೆ ಹಾವು ಕಂಡಿರಲಿ, ಕಾಣದಿರಲಿ, ತಕ್ಷಣ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಪರದೆಯ ಅಂಚನ್ನು ನಾಲ್ಕೂ ಕಡೆ ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿದರೆ ಹಾವು ಒಳಬರುವುದನ್ನು ಬಹುಮಟ್ಟಿಗೆ ತಡೆಯಬಹುದು. ಸಾಧ್ಯವಿದ್ದವರು, ವಿಶೇಷವಾಗಿ ಮಕ್ಕಳು, ಚಕ್ಕಡಿ ಅಥವಾ ಟ್ರೇಲರ್‌ನ ಮೇಲೆ ಮಲಗುವುದು ಕ್ಷೇಮ. ಕಾಳು ಹಾಗೂ ರೊಟ್ಟಿಯ ಬುಟ್ಟಿಯನ್ನು ತಲೆದೆಸೆಯಲ್ಲಿಟ್ಟುಕೊಂಡರೆ ಇಲಿಗಳು ಬರುತ್ತವೆ, ಅವುಗಳನ್ನು ಹಿಂಬಾಲಿಸಿ ಹಾವೂ ಬರುತ್ತದೆ.

ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡದಂತೆ ಪಟ್ಟಿ ಕಟ್ಟಿ, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯುವುದು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ಬಳಕೆಯಲ್ಲಿರುವ ವಿಷನಿರೋಧಕ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಆಗಿರುತ್ತದೆ.

ಬೆಂಕಿಯ ಬಗ್ಗೆ ಎಚ್ಚರಿಕೆ:

ಕೆಂಡದ ಶೆಗಡಿಯನ್ನು ಚಳಿಗೆಂದು ಮುಚ್ಚಿದ ಗುಡಾರದೊಳಗೆ ತರಬಾರದು. ಹೊಗೆಯಾಡದ ಕೆಂಡದಿಂದಲೂ ವಾಸನೆಯಿಲ್ಲದ ವಿಷಾನಿಲ ಹೊರಬರುತ್ತದೆ ಮತ್ತು ಮಲಗಿದವರು ಏಳದೆಯೇ ಪ್ರಾಣ ಕಳೆದುಕೊಳ್ಳಬಹುದು. ಒಲೆಯನ್ನು ಗುಡಾರದಿಂದ ದೂರದಲ್ಲಿ, ಹುಲ್ಲು ಕೆತ್ತಿದ ಜಾಗದಲ್ಲಿ ಹೂಡುವುದು. ಬಿಡಾರ ಕೀಳುವಾಗ ಕೆಂಡದ ಮೇಲೆ ಮಣ್ಣು ಮುಚ್ಚಿ ಹೋದಲ್ಲಿ ಒಳಗೆ ಬೆಂಕಿ ಉಳಿಯುತ್ತದೆ. ಮೊದಲು ನೀರು ಸುರಿದು, ಕೆದಕಿ, ಪುನಃ ನೀರು ಸುರಿದು, ಕೈಯಿಟ್ಟು ತಣ್ಣಗಾಗಿರುವುದನ್ನು ನೋಡಿಯೇ ಹೊರಡತಕ್ಕದ್ದು.

ಅನುಮತಿ ಪಡೆಯುವ ಬಗ್ಗೆ:

ರಾಣೆಬೆನ್ನೂರು ಕೃಷ್ಣಮೃಗ ವನ್ಯಧಾಮವು 1974 ರಲ್ಲಿ ಘೋಷಿತವಾಗಿದ್ದು, 119 ಚದರ ಕಿ.ಮೀ. ವಿಸ್ತೀರ್ಣವನ್ನು ಹೊಂದಿದೆ. ಇದರ ಹುಲ್ಲುಗಾವಲು ಹಾಗೂ ನೀಲಗಿರಿ ನೆಡುತೋಪುಗಳು ಬೇಸಿಗೆಯಲ್ಲಿ ಒಂದು ಕಿಡಿಗೂ ಹೊತ್ತಿಕೊಳ್ಳುವಂತಿರುತ್ತವೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ 1972ರ ಪ್ರಕಾರ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಪ್ರವೇಶಿಸಿ ತಂಗುವುದು ಹಾಗೂ ವನ್ಯಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಾಕುವುದು ಅಪರಾಧವಾಗಿರುತ್ತದೆ. ಆಸಕ್ತರು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು.

ಕಾಗಿನೆಲೆಯಲ್ಲಿ ತಂಗುವವರು ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರದ ಕಚೇರಿಯನ್ನೂ, ಇತರೆ ಗ್ರಾಮಗಳಲ್ಲಿ ಬಿಡಾರ ಹೂಡುವವರು ಆಯಾ ಗ್ರಾಮ ಪಂಚಾಯಿತಿಯನ್ನೂ, ಖಾಸಗಿ ಹೊಲವಾದಲ್ಲಿ ಮಾಲೀಕರನ್ನೂ ಮೊದಲೇ ಕೇಳಿಕೊಳ್ಳುವುದು. ಮನವಿಯನ್ನು ಬಿಳಿ ಹಾಳೆಯಲ್ಲಿ ಬರೆದು, ತಂಡದ ಮುಖ್ಯಸ್ಥರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಒಟ್ಟು ಜನರ ಹಾಗೂ ವಾಹನಗಳ ಸಂಖ್ಯೆ, ತಂಗುವ ದಿನಾಂಕಗಳನ್ನು ನಮೂದಿಸಿ, ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿದಲ್ಲಿ ಕಚೇರಿಯವರಿಗೂ ಅರ್ಜಿದಾರರಿಗೂ ಎರಡನೇ ಸಲದ ಓಡಾಟ ತಪ್ಪುತ್ತದೆ. ಸ್ವೀಕೃತಿಯ ಮೊಹರುಳ್ಳ ಒಂದು ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು.

ತುರ್ತು ಸಂದರ್ಭದಲ್ಲಿ ಆಂಬ್ಯುಲೆನ್ಸ್‌ಗೆ 108, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗೆ 112. ಕರೆ ಮಾಡುವಾಗ ಹೇಳಲು ಅನುಕೂಲವಾಗುವಂತೆ, ಬಿಡಾರ ಹೂಡಿದ ಕೂಡಲೇ ಸಮೀಪದ ಗ್ರಾಮದ ಹೆಸರು ಮತ್ತು ರಸ್ತೆಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.