ದಾರಿ ಉದ್ದ, ಪಯಣ ಗಿಡ್ಡ

2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಎಂಜಿನ್ ಒಂದರಲ್ಲಿ ದೋಷ ಕಾಣಿಸಿಕೊಂಡಿತು. ವಿಮಾನ ಇಳಿದದ್ದು ರಷ್ಯಾದ ಪೂರ್ವದ ಅಂಚಿನಲ್ಲಿರುವ ಮಗದಾನ್ ಎಂಬ ಊರಿನಲ್ಲಿ. ಅದರಲ್ಲಿದ್ದವರು 216 ಪ್ರಯಾಣಿಕರು, 16 ಸಿಬ್ಬಂದಿ. ಇನ್ನೊಂದು ವಿಮಾನ ಬರುವವರೆಗೆ ಹಲವರು ಅಲ್ಲಿನ ಶಾಲೆಯೊಂದರಲ್ಲಿ ತಂಗಬೇಕಾಯಿತು. ಅಮೆರಿಕಕ್ಕೆ ಹೊರಟವರು ಆ ಮೂಲೆಗೇಕೆ ಹೋದರು?

ಗೋಡೆಗೆ ತೂಗುಹಾಕಿದ ನಕ್ಷೆ ಇದಕ್ಕೆ ಉತ್ತರ ಹೇಳಲಾರದು. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವದ ಸುತ್ತಲಿನ ಪ್ರದೇಶ ವಿಪರೀತ ಹಿಗ್ಗಿಬಿಡುತ್ತದೆ. ಶಾಲೆಯ ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಸೈಬೀರಿಯಾವನ್ನು ದಾಟಿ, ಉತ್ತರ ಧ್ರುವ ಸಾಗರದ ಅಂಚನ್ನು ಹಾಯ್ದು, ಅಲಾಸ್ಕದ ಮೇಲೆ ಇಳಿದು ಬರುತ್ತದೆ. ಸುಮಾರು 12,400 ಕಿ.ಮೀ. ಇದೇ ಅತಿ ಹತ್ತಿರದ ದಾರಿ.

ಆದರೆ ಈ ದಾರ ಮಗದಾನ್‌ಗಿಂತ ಬಹಳ ಉತ್ತರಕ್ಕೆ ಹೋಗುತ್ತದೆ! ಅಮೆರಿಕದತ್ತ ಹೋಗುವ ವಿಮಾನಗಳು ದಾರವನ್ನು ಬಿಟ್ಟು ದಕ್ಷಿಣಕ್ಕೆ ವಾಲುವುದಕ್ಕೆ ಮುಖ್ಯ ಕಾರಣ ಗಾಳಿ. ನೆಲದಿಂದ ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ಗಾಳಿಯ ಹೊಳೆ ಹರಿಯುತ್ತದೆ. ಅದರ ವೇಗ ಎಷ್ಟೋ ಸಲ ಗಂಟೆಗೆ 200 ಕಿ.ಮೀ. ದಾಟುವುದುಂಟು.

2015ರಲ್ಲಿ ಈ ನೇರ ಸೇವೆ ಆರಂಭವಾದಾಗ ವಿಮಾನ ಅಟ್ಲಾಂಟಿಕ್ ಕಡೆಯಿಂದ, ಗಾಳಿಗೆ ಎದುರಾಗಿ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಮಾರ್ಗ ಹಿಡಿಯಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಿ 15,300 ಆಯಿತು; ಪಯಣ ಮಾತ್ರ ಎರಡು ಗಂಟೆಯಷ್ಟು ಇಳಿದು ಹದಿನಾಲ್ಕೂವರೆ ಗಂಟೆಗೆ ಬಂತು. ಭಾಗಾಕಾರ ಮಾಡಿ: ಗಂಟೆಗೆ 1,055 ಕಿ.ಮೀ. ಇಂಥ ವಿಮಾನದ ಸಹಜ ವೇಗ 900ರ ಆಸುಪಾಸು. ಉಳಿದದ್ದು ಗಾಳಿ ಕೊಟ್ಟ ಬಿಟ್ಟಿ ವೇಗ. ಇಂಧನವೂ ಅಷ್ಟು ಉಳಿಯಿತೆನ್ನಿ.

ಹಿಂದಿರುಗುವಾಗ ಇದೇ ಗಾಳಿ ಶತ್ರು. ಆಗ ಬೇರೆ ದಾರಿ ಹುಡುಕಬೇಕು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದಲೇ ವಿಮಾನ ತಂದಿಳಿಸಿದರು. ಅದಕ್ಕೆ ಹಿಡಿದದ್ದು ಸುಮಾರು 17 ಗಂಟೆ.

ಮಕ್ಕಳನ್ನು ಓದಲು ಕಳಿಸುವ ತಂದೆತಾಯಿಯರನ್ನು ಕಾಡುವುದು ಟಿಕೆಟ್ಟಿನ ಲೆಕ್ಕ. ಬೇಸಿಗೆಯಲ್ಲಿ ದೆಹಲಿಯಿಂದ ಬೆಳಗಿನ ಜಾವ 4ಕ್ಕೆ ಹೊರಟು ಅದೇ ದಿನ ಬೆಳಿಗ್ಗೆ 7ಕ್ಕೆ ತಲುಪುತ್ತದೆ ಎಂದಿದ್ದರೆ, ಮೂರೇ ಗಂಟೆಯೇ? ಅಲ್ಲಿನ ಗಡಿಯಾರ ಆಗ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಹಾಗಾಗಿ ಹಾರಾಟ ಹದಿನೈದೂವರೆ ಗಂಟೆ. ಇಳಿದೆನೆಂದು ಮಗಳು ಫೋನ್ ಮಾಡುವ ಹೊತ್ತಿಗೆ ಇಲ್ಲಿ ಸಂಜೆ ಏಳೂವರೆ.