ಜೋಳ ತಿಂದು ಅಸಿಟೋನ್ ಕೊಟ್ಟ ಜೀವಿ

ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗಿರುವುದನ್ನು ನೀವೆಲ್ಲ ನೋಡಿದ್ದೀರಿ. ಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತವೆ. ಅವುಗಳಿಗೆ ಅದು ಕಸ, ನಮಗೆ ರುಚಿ. ಇಂಥ ಕಸವೇ ಕಾರ್ಖಾನೆಗೆ ಬೇಕಾದ ರಾಸಾಯನಿಕವೂ ಆಗಬಲ್ಲದು. ನೆಲದಡಿಯ ಪೆಟ್ರೋಲಿಯಂ ಒಮ್ಮೆ ತೆಗೆದರೆ ಮುಗಿಯಿತು. ಜೋಳ, ಕಬ್ಬುಗಳಾದರೆ ಮತ್ತೆ ಬೆಳೆಯುತ್ತವೆ. ಹಾಗಿದ್ದರೂ ಕಾರ್ಖಾನೆಗಳೆಲ್ಲ ಈ ದಾರಿ ಹಿಡಿದಿಲ್ಲವೇಕೆ? ಉತ್ತರ ತಿಳಿಯಲು ಒಂದು ಹಳೆಯ ಪ್ರಸಂಗವನ್ನು ನೋಡೋಣ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಬ್ರಿಟನ್ನಿನ ಫಿರಂಗಿಗಳಿಗೆ ಕಾರ್ಡೈಟ್ ಎಂಬ ಮದ್ದು ಬೇಕಿತ್ತು. ಅದನ್ನು ಕಲಸಿ ಹದಗೊಳಿಸಲು ಅಸಿಟೋನ್ ಎಂಬ ದ್ರಾವಕ ಅಗತ್ಯ. ಆಗ ಅಸಿಟೋನನ್ನು ಪಡೆಯುತ್ತಿದ್ದುದು ಮುಚ್ಚಿದ ಪಾತ್ರೆಯಲ್ಲಿ ಮರವನ್ನು ಕಾಯಿಸಿ. ಒಂದು ಟನ್ ಅಸಿಟೋನಿಗೆ ಹತ್ತಾರು ಟನ್ ಮರ ಬೇಕು! ಇದೇ ವೇಳೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಹಾಯಿಮ್ ವೈಜ್‌ಮನ್ ಪಿಷ್ಟವನ್ನು ಹುದುಗಿಸಿ ಅಸಿಟೋನ್ ಕೊಡುವ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿದ್ದರು. (ಇವರೇ ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದರು.) ಅವರು ನಿಜವಾಗಿ ಹುಡುಕುತ್ತಿದ್ದುದು ಕೃತಕ ರಬ್ಬರಿಗೆ ಬೇಕಾದ ಬ್ಯುಟನಾಲನ್ನು. ಯುದ್ಧಕಾಲದಲ್ಲಿ ಬೇಡಿಕೆ ಬಂದದ್ದು ಅದರ ಜೊತೆಗಾರನಿಗೆ.

ಈ ಬ್ಯಾಕ್ಟೀರಿಯಕ್ಕೆ ಮುಂದೆ ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟೈಲಿಕಂ ಎಂದು ಹೆಸರಾಯಿತು. ಗಾಳಿಯಲ್ಲಿನ ಆಮ್ಲಜನಕ ಇದಕ್ಕೆ ವಿಷ. ಕಷ್ಟಕಾಲ ಬಂದರೆ ಗಟ್ಟಿ ಹೊದಿಕೆಯ ಬೀಜಕವಾಗಿ ಉಳಿದುಕೊಳ್ಳುತ್ತದೆ. ಹೀಗಾಗಿ ಬಿಸಿಯ ಪೆಟ್ಟು ಕೊಟ್ಟು, ಬದುಕುಳಿದವನ್ನಷ್ಟೇ ಮತ್ತೆ ಮತ್ತೆ ಬೆಳೆಸಿ, ಉತ್ತಮ ತಳಿಯನ್ನು ಆರಿಸಬಹುದಾಗಿತ್ತು.

ಬೇಯಿಸಿದ ಮುಸುಕಿನ ಜೋಳದ ಗಂಜಿಗೆ ಇದನ್ನು ಬಿಟ್ಟರೆ ಏನಾಗುತ್ತದೆ ಗೊತ್ತೇ? ಮೊದಲು ಅಸಿಟಿಕ್ ಮತ್ತು ಬ್ಯುಟಿರಿಕ್ ಆಮ್ಲಗಳು ಹುಟ್ಟಿ ಗಂಜಿ ಹುಳಿಯಾಗುತ್ತದೆ. ಹುಳಿ ಮಿತಿಮೀರಿದರೆ ಜೀವಿಗೇ ಅಪಾಯ. ಆಗ ಅದು ತಾನು ಬಿಟ್ಟ ಆಮ್ಲಗಳನ್ನೇ ಒಳಗೆಳೆದುಕೊಂಡು ದ್ರಾವಕಗಳಾಗಿ ಮಾರ್ಪಡಿಸುತ್ತದೆ: ಸುಮಾರು ಮೂರು ಪಾಲು ಅಸಿಟೋನ್, ಆರು ಪಾಲು ಬ್ಯುಟನಾಲ್, ಒಂದು ಪಾಲು ಎಥೆನಾಲ್. ಆದರೆ ಬ್ಯುಟನಾಲ್ ಜೀವಿಯ ಕೋಶಪೊರೆಯನ್ನೇ ಸಡಿಲಗೊಳಿಸುತ್ತದೆ. ದ್ರವದಲ್ಲಿ ಅದರ ಪ್ರಮಾಣ ಶೇಕಡ ಒಂದೂವರೆಯ ಆಸುಪಾಸಿಗೆ ಬರುವಷ್ಟರಲ್ಲಿ ಕೆಲಸ ನಿಂತುಹೋಗುತ್ತದೆ. ಅಂದರೆ ನೂರು ಲೀಟರ್ ಗಂಜಿಯಿಂದ ಮೂರೂ ದ್ರಾವಕ ಸೇರಿ ದಕ್ಕುವುದು ಎರಡು ಕಿಲೊಗ್ರಾಂ ಮಾತ್ರ. ಉಳಿದದ್ದು ಬಹುಪಾಲು ನೀರು. ಅಷ್ಟು ನೀರಿನಿಂದ ಇಷ್ಟನ್ನು ಬಟ್ಟಿ ಇಳಿಸಲು ಎಷ್ಟು ಉರುವಲು ಬೇಕೆಂದು ನೀವೇ ಊಹಿಸಿ!

ಯುದ್ಧಕಾಲದಲ್ಲಿ ಖರ್ಚಿನ ಯೋಚನೆ ಇರಲಿಲ್ಲ. ಅಭಾವ ಬಂದದ್ದು ಜೋಳಕ್ಕೆ. 1917ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸತೊಡಗಿದಾಗ ಬ್ರಿಟನ್ನಿನಲ್ಲಿ ಧಾನ್ಯ ಊಟಕ್ಕೇ ಸಾಲದಾಯಿತು. ಕೆಲಸದ ಬಹುಭಾಗ ಕೆನಡ, ಅಮೆರಿಕಗಳ ಭಟ್ಟಿಗಳಿಗೆ ಹೋಯಿತು. ಬ್ರಿಟನ್ನಿನಲ್ಲಿ ಮನುಷ್ಯರು ತಿನ್ನದ ಹಾರ್ಸ್ ಚೆಸ್ಟ್‌ನಟ್ ಕಾಯಿಗಳನ್ನು ಆಯ್ದು ತರುವಂತೆ ಶಾಲಾ ಮಕ್ಕಳಿಗೆ ಹೇಳಲಾಯಿತು; ಏತಕ್ಕೆಂಬುದು ಮಾತ್ರ ಗುಟ್ಟು. ಕಿಂಗ್ಸ್ ಲಿನ್ ಊರಿನ ಕಾರ್ಖಾನೆಗೆ ಸುಮಾರು 3,000 ಟನ್ ಕಾಯಿ ಬಂದು ಬಿತ್ತು. ಆದರೆ ಇಳುವರಿ ತೀರ ಕಡಿಮೆ. 1918ರ ಏಪ್ರಿಲ್‌ನಲ್ಲಿ ಆರಂಭವಾದ ತಯಾರಿಕೆ ಜುಲೈನಲ್ಲೇ ನಿಂತಿತು. ನಿಮ್ಮ ವಯಸ್ಸಿನವರ ಆ ಶ್ರಮ ಬಹುಪಾಲು ವ್ಯರ್ಥವಾಯಿತೆನ್ನಬೇಕು.

ಯುದ್ಧದ ನಂತರ ಅದೃಷ್ಟ ಬದಲಾಯಿತು. ಯಾರಿಗೂ ಬೇಡವಾಗಿದ್ದ ಬ್ಯುಟನಾಲ್ ಮೋಟಾರು ಕಾರುಗಳ ಬೇಗ ಒಣಗುವ ಬಣ್ಣಕ್ಕೆ ಬೇಕಾಯಿತು. ಈಗ ಅಸಿಟೋನೇ ಉಪ ಉತ್ಪನ್ನ! ಜೋಳದ ಜಾಗಕ್ಕೆ ಸಕ್ಕರೆ ಕಾರ್ಖಾನೆಗಳ ಕಾಕಂಬಿಯೂ ಬಂತು. ಆದರೆ 1950-60ರ ದಶಕಗಳಲ್ಲಿ ಪೆಟ್ರೋಲಿಯಂ ಮೂಲದ ದ್ರಾವಕಗಳು ಅಗ್ಗವಾದವು. ದನದ ಮೇವಿಗೂ ಬೇಡಿಕೆಯಾಗಿ ಕಾಕಂಬಿ ದುಬಾರಿಯಾಯಿತು. ಹುದುಗುವಿಕೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ದಕ್ಷಿಣ ಆಫ್ರಿಕದ ಜರ್ಮಿಸ್ಟನ್ನಿನದು 1980ರ ದಶಕದ ಆರಂಭದವರೆಗೆ ಉಳಿದಿತ್ತು.

ಎಲ್ಲ ಕಡೆ ಸೋಲೇ ಆಗಲಿಲ್ಲ. ಒಂದು ಕಾಲಕ್ಕೆ ಇಟಲಿಯ ನಿಂಬೆಯಿಂದ ತೆಗೆಯುತ್ತಿದ್ದ ಸಿಟ್ರಿಕ್ ಆಮ್ಲ ಇಂದು ಹೆಚ್ಚುಕಡಿಮೆ ಪೂರ್ತಿಯಾಗಿ ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿನ ಕೊಡುಗೆ. ಅಮೆರಿಕದ ಟೆನೆಸಿಯಲ್ಲಿ 2006ರಿಂದ, ವಂಶವಾಹಿ ಮಾರ್ಪಡಿಸಿದ ಬ್ಯಾಕ್ಟೀರಿಯಗಳು ಜೋಳದ ಸಕ್ಕರೆಯಿಂದ ಕಾರ್ಪೆಟ್ ನೂಲಿಗೆ ಬೇಕಾದ ಪ್ರೊಪೇನ್‌ಡಯಾಲನ್ನು ತಯಾರಿಸತೊಡಗಿದವು.

ಆದರೂ ಊಟವೋ ಕಚ್ಚಾವಸ್ತುವೋ ಎಂಬ 1917ರ ಪ್ರಶ್ನೆ ಹಳತಾಗಿಲ್ಲ. ಮಳೆ ಕೈಕೊಟ್ಟು ಕರ್ನಾಟಕ, ಮಹಾರಾಷ್ಟ್ರಗಳ ಕಬ್ಬಿನ ಬೆಳೆ ಕುಗ್ಗುವ ಭಯ ಹುಟ್ಟಿದಾಗ, 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ತಯಾರಿಸುವುದಕ್ಕೆ ಕಡಿವಾಣ ಹಾಕಿತು. ಮುಂದಿನ ಹಂಗಾಮಿಗೆಂದು 2024ರ ಆಗಸ್ಟ್‌ನಲ್ಲಿ ಅದನ್ನು ತೆಗೆಯಿತು.

ಹಾಗಾದರೆ ಹುಲ್ಲು, ಸಿಪ್ಪೆ, ದಂಟುಗಳನ್ನೇ ಹುದುಗಿಸಬಾರದೇಕೆ ಎಂದು ನೀವು ಕೇಳಬಹುದು. 2022ರಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಬತ್ತದ ಹುಲ್ಲಿನಿಂದ ಎಥೆನಾಲ್ ಪಡೆಯುವ ಕಾರ್ಖಾನೆ ಉದ್ಘಾಟನೆಯಾಯಿತು. ಹುಲ್ಲಿನಲ್ಲಿ ಸಕ್ಕರೆಗಳು ಲಿಗ್ನಿನ್ ಜೊತೆ ಹೆಣೆದುಕೊಂಡಿವೆ. ಆ ಹೆಣಿಗೆಯನ್ನು ಬಿಡಿಸಲು ಬಿಸಿ, ಆಮ್ಲ, ಕಿಣ್ವಗಳೆಲ್ಲ ಬೇಕು. ಬಿಡಿಸಿದ ಮೇಲೂ ಹೊರಬರುವ ಕ್ಸೈಲೋಸ್ ಎಂಬ ಸಕ್ಕರೆ ಸಾಮಾನ್ಯ ಯೀಸ್ಟಿಗೆ ಒಗ್ಗುವುದಿಲ್ಲ. ವೈಜ್‌ಮನ್ನರ ಕ್ಲಾಸ್ಟ್ರಿಡಿಯಂ ಅದನ್ನೂ ತಿನ್ನಬಲ್ಲದು. ಆದರೆ ತಾನು ತಯಾರಿಸಿದ ಬ್ಯುಟನಾಲನ್ನೇ ತಾಳಲಾರದ ಅದರ ಕಷ್ಟ ಇನ್ನೂ ಬಗೆಹರಿದಿಲ್ಲ. ದ್ರಾವಕವನ್ನು ಹುಟ್ಟಿದ ಹಾಗೆಯೇ ತೊಟ್ಟಿಯಿಂದ ಅನಿಲದ ಮೂಲಕ ಹೊರಸೆಳೆಯುವ ಪ್ರಯೋಗಗಳು ನಡೆದಿರುವುದು ಇದಕ್ಕಾಗಿಯೇ.